ವರ್ಷವಿಡೀ ಏನು ಕೇಳಿದಿರಿ? ಆ್ಯಪ್ ಕೊಡುವ ಕಾರ್ಡು ಓದುವ, ನಿಮ್ಮದೇ ಲೆಕ್ಕ ತೆಗೆಯುವ ಬಗೆ

ಡಿಸೆಂಬರ್ ಮೊದಲ ವಾರ ಬಂತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ಬಣ್ಣಬಣ್ಣದ ಕಾರ್ಡುಗಳು. ಯಾರು ಎಷ್ಟು ಸಾವಿರ ನಿಮಿಷ ಹಾಡು ಕೇಳಿದರು, ಯಾವ ಹಾಡನ್ನು ಎಷ್ಟು ಸಲ ತಿರುಗಿಸಿ ಹಾಕಿದರು, ಯಾವ ಗಾಯಕರಿಗೆ ಎಂಥಾ ಅಭಿಮಾನಿ ಅಂತೆಲ್ಲ ಲೆಕ್ಕ. ಸ್ಪಾಟಿಫೈ ಇದನ್ನು ‘ರ‍್ಯಾಪ್ಡ್’ ಅನ್ನುತ್ತದೆ, ಆ್ಯಪಲ್ ಮ್ಯೂಸಿಕ್ ‘ರೀಪ್ಲೇ’, ಯೂಟ್ಯೂಬ್ ಮ್ಯೂಸಿಕ್ ‘ರೀಕ್ಯಾಪ್’, ಅಮೆಜಾನ್ ಮ್ಯೂಸಿಕ್ ‘ಡೆಲಿವರ್ಡ್’. ಹೆಸರು ಬೇರೆ ಬೇರೆ, ಸರಕು ಒಂದೇ.

ಕಾರ್ಡು ನೋಡುವುದಕ್ಕೆ ಚೆಂದ. ಆದರೆ ಅದು ಕಂಪನಿ ತನಗೆ ಬೇಕಾದಂತೆ ಆರಿಸಿ ಜೋಡಿಸಿದ ಲೆಕ್ಕ. ನೀವು ಹಂಚಿಕೊಂಡಷ್ಟೂ ಅದಕ್ಕೆ ಪುಕ್ಕಟೆ ಪ್ರಚಾರ. ಅದರ ಹಿಂದೆ ನಿಮ್ಮ ಒಂದೊಂದು ಹಾಡಿನ ದಾಖಲೆಯೂ ದಿನಾಂಕ, ಗಂಟೆ, ಸೆಕೆಂಡು ಸಮೇತ ಇದೆ. ಕೇಳಿದರೆ ಅದನ್ನೂ ಕೊಡುತ್ತಾರೆ, ದುಡ್ಡಿಲ್ಲದೆ. ಕಾರ್ಡನ್ನು ಸರಿಯಾಗಿ ಓದುವುದು ಹೇಗೆ, ಆ ಕಚ್ಚಾ ದಾಖಲೆ ತರಿಸಿಕೊಳ್ಳುವುದು ಹೇಗೆ, ಅದರಿಂದ ನಿಮ್ಮದೇ ವರ್ಷದ ಪಟ್ಟಿ ಮಾಡುವುದು ಹೇಗೆ ಅನ್ನುವುದು ಇಲ್ಲಿದೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು ಅಭ್ಯಾಸವಿದ್ದರೆ ಸಾಕು, ಕೋಡಿಂಗ್ ಬೇಡ.

ಕಾರ್ಡು ಎಲ್ಲಿ ಸಿಗುತ್ತದೆ

ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. ವರ್ಷಾಂತ್ಯದ ಲೆಕ್ಕ ಕೊಡುವ ರೂಢಿಯನ್ನು ಅದು 2013ರಲ್ಲೇ ಶುರುಮಾಡಿತ್ತು. ‘ರ‍್ಯಾಪ್ಡ್’ ಅನ್ನುವ ಹೆಸರು ಬಂದದ್ದು 2016ರಲ್ಲಿ. ದಿನಾಂಕ ಮೊದಲೇ ಹೇಳುವುದಿಲ್ಲ. 2023ರಲ್ಲಿ ನವೆಂಬರ್ 29ಕ್ಕೆ, 2024ರಲ್ಲಿ ಡಿಸೆಂಬರ್ 4ಕ್ಕೆ, 2025ರಲ್ಲಿ ಡಿಸೆಂಬರ್ 3ಕ್ಕೆ ಬಂತು. ಹಾಗಾಗಿ ನವೆಂಬರ್ ಕೊನೆಯಲ್ಲಿ ಆ್ಯಪ್ ಅಪ್‌ಡೇಟ್ ಮಾಡಿಟ್ಟುಕೊಳ್ಳಿ. ಹಳೆಯ ಆವೃತ್ತಿ ಇದ್ದರೆ ಕಾರ್ಡು ಕಾಣಿಸುವುದೇ ಇಲ್ಲ, ‘ನನಗೆ ಮಾತ್ರ ಬಂದಿಲ್ಲ’ ಎಂದು ಒದ್ದಾಡುವವರಲ್ಲಿ ಬಹಳಷ್ಟು ಜನರ ಸಮಸ್ಯೆ ಇದೇ. ಬಂದ ಮೇಲೆ ಹೋಮ್ ಪುಟದಲ್ಲೇ ದೊಡ್ಡದಾಗಿ ತೋರಿಸುತ್ತದೆ. ವರ್ಷದಲ್ಲಿ ಕನಿಷ್ಠ 30 ಹಾಡುಗಳನ್ನು ತಲಾ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಕೇಳಿರಬೇಕು, ಕಲಾವಿದರು ಐವರಾದರೂ ಇರಬೇಕು. ಉಚಿತ ಖಾತೆಗೂ ಸಿಗುತ್ತದೆ.

ಆ್ಯಪಲ್ ಮ್ಯೂಸಿಕ್‌ನ ರೀಪ್ಲೇ 2019ರಲ್ಲಿ ಬ್ರೌಸರ್‌ನಲ್ಲಿ ಶುರುವಾಯಿತು, 2024ರಿಂದ ಆ್ಯಪ್ ಒಳಗೇ ಬಂದಿದೆ. ಇದರ ಒಂದು ಒಳ್ಳೆಯ ಗುಣವೆಂದರೆ ಡಿಸೆಂಬರ್ ತನಕ ಕಾಯಬೇಕಿಲ್ಲ. ತಿಂಗಳ ಲೆಕ್ಕವನ್ನೂ ತೋರಿಸುತ್ತದೆ, ವರ್ಷದ ಪ್ಲೇಲಿಸ್ಟ್ ವಾರವಾರವೂ ಹೊಸದಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮ್ಯೂಸಿಕ್ ತೆರೆದು ‘ಯೂಸ್ ಲಿಸನಿಂಗ್ ಹಿಸ್ಟರಿ’ ಆನ್ ಇದೆಯೇ ನೋಡಿಕೊಳ್ಳಿ. ಆಫ್ ಇದ್ದಷ್ಟು ದಿನ ನೀವು ಏನು ಕೇಳಿದರೂ ಲೆಕ್ಕಕ್ಕಿಲ್ಲ.

ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಮೇಲೆ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿದರೆ ರೀಕ್ಯಾಪ್ ಸಿಗುತ್ತದೆ. ವರ್ಷದ್ದಲ್ಲದೆ ಋತುವಿಗೊಂದರಂತೆಯೂ ಕೊಡುತ್ತದೆ. ಯೂಟ್ಯೂಬ್ ಹಿಸ್ಟರಿಯನ್ನು ‘ಪಾಜ್’ ಮಾಡಿ ನಿಲ್ಲಿಸಿಟ್ಟಿದ್ದರೆ ಇಲ್ಲಿಯೂ ಅದೇ ಕಥೆ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ: ನಿಮ್ಮ ವರ್ಷದ ಹಾಡಿನ ಪಟ್ಟಿ ನೋಡಲು ಈ ಫೈಲ್ ಇನ್‌ಸ್ಟಾಲ್ ಮಾಡಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಬಂದರೆ ಮುಟ್ಟಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಹೆಸರಿನಲ್ಲಿ ಬ್ಯಾಂಕ್ ಖಾತೆ ಖಾಲಿಮಾಡುವ ವಂಚನೆ ನಮ್ಮಲ್ಲಿ ನಡೆಯುತ್ತಲೇ ಇದೆ. ಈ ಕಾರ್ಡುಗಳು ಆಯಾ ಆ್ಯಪ್‌ನಲ್ಲಿ, ಆಯಾ ಕಂಪನಿಯ ಜಾಲತಾಣದಲ್ಲಿ ಮಾತ್ರ ಸಿಗುತ್ತವೆ.

ಕಾರ್ಡು ಓದುವ ಮೊದಲು ತಿಳಿದಿರಬೇಕಾದದ್ದು

ಸ್ಪಾಟಿಫೈಗೆ 30 ಸೆಕೆಂಡು ಆಡಿದರೆ ಒಂದು ‘ಸ್ಟ್ರೀಮ್’. ಅಲ್ಲಿಗೆ ಹಾಡು ಒಂದು ಸಲ ಕೇಳಿದ ಲೆಕ್ಕ. ಮೊದಲ ಐದು ಹಾಡುಗಳ ಪಟ್ಟಿ ನಿಲ್ಲುವುದು ಈ ಎಣಿಕೆಯ ಮೇಲೆ, ಕೇಳಿದ ನಿಮಿಷಗಳ ಮೇಲಲ್ಲ. ಇದರಿಂದ ಯಾರಿಗೆ ನಷ್ಟ ಗೊತ್ತೇ? ಶಾಸ್ತ್ರೀಯ ಸಂಗೀತ ಕೇಳುವವರಿಗೆ. ರಾತ್ರಿ ಊಟವಾದ ಮೇಲೆ ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ 25 ನಿಮಿಷದ ಒಂದು ಖ್ಯಾಲ್ ಹಾಕಿ ಕೂತಿರಿ ಅನ್ನಿ. ಅದು ಒಂದು ಸ್ಟ್ರೀಮ್. ಅಷ್ಟೇ ಹೊತ್ತಿನಲ್ಲಿ ಮಗಳು ಮೂರೂವರೆ ನಿಮಿಷದ ಸಿನಿಮಾ ಹಾಡು ಏಳು ಸಲ ಕೇಳಿದರೆ ಏಳು ಸ್ಟ್ರೀಮ್. ಇಬ್ಬರೂ ಕೇಳಿದ ಹೊತ್ತು ಹೆಚ್ಚುಕಡಿಮೆ ಒಂದೇ, ಆದರೆ ಪಟ್ಟಿಯಲ್ಲಿ ಮನ್ಸೂರರು ಎಲ್ಲೂ ಕಾಣುವುದಿಲ್ಲ. ಧಾರವಾಡದ ಕಡೆಯ ಹಿರಿಯರು ಯಾರಾದರೂ ‘ನಾನು ಇಡೀ ವರ್ಷ ಕೇಳಿದ್ದೇ ಒಂದು, ಇದು ತೋರಿಸುವುದೇ ಒಂದು’ ಎಂದರೆ ಕಾರಣ ಇದು.

ಎರಡನೆಯದು, ಸ್ಪಾಟಿಫೈ ಕಾರ್ಡಿನಲ್ಲಿ ವರ್ಷ ಅಂದರೆ ಪೂರ್ತಿ ವರ್ಷವಲ್ಲ. ಜನವರಿ 1ರಿಂದ ಎಣಿಸಿ, ಕಾರ್ಡು ಹೊರಬರುವುದಕ್ಕೆ ಕೆಲವು ವಾರ ಮೊದಲೇ ಎಣಿಕೆ ನಿಲ್ಲಿಸುತ್ತಾರೆ. ಡಿಸೆಂಬರ್ ಪೂರ್ತಿ ಹೊರಗೆ. ಧನುರ್ಮಾಸದ ಬೆಳಗಿನ ಹಾಡುಗಳು, ಕ್ರಿಸ್‌ಮಸ್ ಕ್ಯಾರೋಲ್‌ಗಳು, ವರ್ಷದ ಕೊನೆಗೆ ಬಿಡುಗಡೆಯಾದ ದೊಡ್ಡ ಸಿನಿಮಾದ ಹಾಡುಗಳು ಯಾವ ವರ್ಷದ ಕಾರ್ಡಿಗೂ ಸೇರದೆ ಹೋಗುವುದು ಹೀಗೆ.

ಮೂರನೆಯದು, ಕಲಾವಿದರ ಹೆಸರು. ಸಿನಿಮಾ ಹಾಡಿಗೆ ನಮ್ಮಲ್ಲಿ ಹಾಡಿದವರು, ಸಂಗೀತ ಕೊಟ್ಟವರು, ಬರೆದವರು ಮೂವರೂ ಮುಖ್ಯ. ಈ ಆ್ಯಪ್‌ಗಳ ಅಚ್ಚು ತಯಾರಾದದ್ದು ಪಾಶ್ಚಾತ್ಯ ಪಾಪ್ ಸಂಗೀತಕ್ಕೆ. ಅಲ್ಲಿ ‘ಆರ್ಟಿಸ್ಟ್’ ಅಂದರೆ ಸಾಮಾನ್ಯವಾಗಿ ಹಾಡುವಾತ. ನಮ್ಮ ಆಲ್ಬಂಗಳಲ್ಲಿ ಆ ಜಾಗದಲ್ಲಿ ಬಹಳ ಸಲ ಸಂಗೀತ ನಿರ್ದೇಶಕರ ಹೆಸರಿರುತ್ತದೆ. ನೀವು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಎಂದುಕೊಂಡು ಕೇಳಿದ ಯುಗಳಗೀತೆಗಳು ರಾಜನ್–ನಾಗೇಂದ್ರ ಹೆಸರಿಗೆ ಜಮೆಯಾಗಿರಬಹುದು. ಅದೂ ಅನ್ಯಾಯವೇನಲ್ಲ ಬಿಡಿ. ಆದರೆ ಒಬ್ಬರೇ ಗಾಯಕರ ಹೆಸರು ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತದಲ್ಲಿ ಸೇರಿ, ಎಣಿಕೆ ಹಂಚಿಹೋಗಿರುತ್ತದೆ. ಶ್ರೀನಿವಾಸ್, ಬಾಲಸುಬ್ರಹ್ಮಣ್ಯಂ ತರಹದ ಹೆಸರುಗಳಿಗೆ ಈ ಕಾಟ ಜಾಸ್ತಿ. ಭಾವಗೀತೆಯಲ್ಲಿ ಕವಿಯ ಹೆಸರು ಕಾರ್ಡಿನಲ್ಲಿ ಎಲ್ಲಿಯೂ ಬರುವುದಿಲ್ಲ. ವರ್ಷವಿಡೀ ಬೇಂದ್ರೆಯನ್ನೇ ಕೇಳಿದ್ದರೂ ನಿಮ್ಮ ಕಾರ್ಡಿಗೆ ಬೇಂದ್ರೆ ಗೊತ್ತಿಲ್ಲ.

2025ರ ರ‍್ಯಾಪ್ಡ್‌ನಲ್ಲಿ ‘ಲಿಸನಿಂಗ್ ಏಜ್’ ಅಂತ ಒಂದು ಬಂತು, ಕೇಳುವ ಕಿವಿಗೆ ಎಷ್ಟು ವಯಸ್ಸು ಅಂತ. ಇಪ್ಪತ್ತೆರಡರ ಹುಡುಗರಿಗೆ ಎಪ್ಪತ್ತು ತೋರಿಸಿ ನಗಿಸಿತು. ಅದರ ತರ್ಕ ಇಷ್ಟು: ನಿಮ್ಮ ವಯಸ್ಸಿನ ಉಳಿದವರಿಗಿಂತ ನೀವು ಯಾವ ಐದು ವರ್ಷದ ಹಾಡುಗಳನ್ನು ಹೆಚ್ಚು ಕೇಳುತ್ತೀರಿ ಎಂದು ಹುಡುಕುವುದು, ಆ ಹಾಡುಗಳು ಬಂದಾಗ ನಿಮಗೆ 16ರಿಂದ 21 ವರ್ಷ ಇದ್ದಿರಬೇಕು ಎಂದುಕೊಂಡು ವಯಸ್ಸು ಲೆಕ್ಕಹಾಕುವುದು. ಹರೆಯದಲ್ಲಿ ಕೇಳಿದ್ದೇ ಕೊನೆತನಕ ಮನಸ್ಸಿಗೆ ಅಂಟಿಕೊಳ್ಳುತ್ತದೆ ಅನ್ನುವ ಮನಶ್ಶಾಸ್ತ್ರದ ವಿಚಾರ ಇದರ ಹಿಂದಿದೆ. ತಮಾಷೆಗೆ ಸರಿ. ಹಳೆಯ ಕನ್ನಡ ಹಾಡು ಕೇಳುವವರು ಮಾತ್ರ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಪ್ಪತ್ತರ ದಶಕದ ಹಾಡು ಆ್ಯಪ್‌ನಲ್ಲಿ ಎಷ್ಟೋ ಸಲ ಮೂಲ ಸಿನಿಮಾದ ಆಲ್ಬಂ ಆಗಿ ಇರುವುದಿಲ್ಲ. ಧ್ವನಿಮುದ್ರಿಕೆ ಕಂಪನಿ ಆಮೇಲೆ ಕಟ್ಟಿದ ಯಾವುದೋ ‘ಹಿಟ್ಸ್’ ಸಂಕಲನದಲ್ಲಿರುತ್ತದೆ. ಆಲ್ಬಂ ತೆರೆದು ಇಸವಿ ನೋಡಿ, ಅಲ್ಲಿ ಸಂಕಲನದ ಇಸವಿ ಇರುತ್ತದೆ. ಅದನ್ನೇ ನಂಬಿ ಲೆಕ್ಕಹಾಕಿದರೆ ಅಜ್ಜನ ಕಿವಿಯೂ ಕಾಲೇಜು ಹುಡುಗನದಾಗುತ್ತದೆ.

ನಿಮಿಷಗಳ ಸಂಖ್ಯೆ ನೋಡಿ ಹೌಹಾರುವವರಿಗೆ ಸುಲಭದ ಭಾಗಾಕಾರ: 30,000 ನಿಮಿಷ ಅಂದರೆ 500 ಗಂಟೆ, ದಿನಕ್ಕೆ ಸರಾಸರಿ 82 ನಿಮಿಷ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗಿ ಬರುವವರಿಗೆ ಇದು ದೊಡ್ಡದೇನೂ ಅಲ್ಲ.

ಕಚ್ಚಾ ದಾಖಲೆ ತರಿಸಿಕೊಳ್ಳುವುದು

ಈಗ ನಿಜವಾದ ಕೆಲಸ. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಾರಿಗೆ ಬಂದ ಮೇಲೆ, ಬಳಕೆದಾರರ ಮಾಹಿತಿಯನ್ನು ಅವರು ಕೇಳಿದಾಗ ಕೊಡುವುದು ಈ ಕಂಪನಿಗಳಿಗೆ ಕಡ್ಡಾಯವಾಯಿತು. ಅದರ ಲಾಭ ನಮಗೂ ಸಿಕ್ಕಿದೆ.

ಸ್ಪಾಟಿಫೈ: ಇದನ್ನು ಬ್ರೌಸರ್‌ನಲ್ಲಿ ಮಾಡಿ. ಲಾಗಿನ್ ಆಗಿ ಅಕೌಂಟ್ ಪುಟಕ್ಕೆ ಹೋಗಿ, ‘ಅಕೌಂಟ್ ಪ್ರೈವೆಸಿ’ ತೆರೆಯಿರಿ. ಕೆಳಗೆ ಮೂರು ಬಗೆಯ ಮಾಹಿತಿ ಕೇಳುವ ಅವಕಾಶವಿದೆ. ‘ಅಕೌಂಟ್ ಡೇಟಾ’ದಲ್ಲಿ ಹಿಂದಿನ ಒಂದು ವರ್ಷದ ಕೇಳಿಕೆ ಇರುತ್ತದೆ, ಐದು ದಿನದೊಳಗೆ ಬರುತ್ತದೆ, ಆದರೆ ವಿವರ ಕಡಿಮೆ. ನಮಗೆ ಬೇಕಾದದ್ದು ‘ಎಕ್ಸ್‌ಟೆಂಡೆಡ್ ಸ್ಟ್ರೀಮಿಂಗ್ ಹಿಸ್ಟರಿ’. ಖಾತೆ ತೆರೆದ ದಿನದಿಂದ ಇವತ್ತಿನ ತನಕದ್ದೆಲ್ಲ ಅದರಲ್ಲಿದೆ. ಬರಲು 30 ದಿನ ತನಕ ಹಿಡಿಯಬಹುದು. ಅದಕ್ಕೆ ಮಾತ್ರ ಟಿಕ್ ಹಾಕಿ ವಿನಂತಿ ಕಳಿಸಿ. ಕೂಡಲೇ ಒಂದು ಮೇಲ್ ಬರುತ್ತದೆ, ಅದರಲ್ಲಿರುವ ‘ಕನ್ಫರ್ಮ್’ ಒತ್ತಬೇಕು. ಒತ್ತದಿದ್ದರೆ ಕೆಲಸ ಶುರುವಾಗುವುದೇ ಇಲ್ಲ, ತಿಂಗಳು ಕಾದದ್ದು ದಂಡ. ಫೈಲ್ ತಯಾರಾದಾಗ ಇನ್ನೊಂದು ಮೇಲ್ ಬರುತ್ತದೆ. ಆ ಕೊಂಡಿ ಶಾಶ್ವತವಲ್ಲ, ಬಂದ ಕೂಡಲೇ ಇಳಿಸಿಕೊಳ್ಳಿ. ಡಿಸೆಂಬರ್ 31 ಸೇರಬೇಕೆಂದರೆ ಜನವರಿ ಮೊದಲ ವಾರದಲ್ಲಿ ಕೇಳುವುದು ಸರಿಯಾದ ಸಮಯ.

ಆ್ಯಪಲ್: ಆ್ಯಪಲ್‌ನ ಪ್ರೈವೆಸಿ ಪುಟದಲ್ಲಿ ಲಾಗಿನ್ ಆಗಿ, ನಿಮ್ಮ ಮಾಹಿತಿಯ ಪ್ರತಿ ಕೇಳುವ ಕಡೆ ‘ಆ್ಯಪಲ್ ಮೀಡಿಯಾ ಸರ್ವಿಸಸ್’ ಆರಿಸಿ. ಬರುವ ಫೋಲ್ಡರಿನಲ್ಲಿ ಹತ್ತಾರು ಫೈಲ್‌ಗಳಿರುತ್ತವೆ. ಹೆಸರಿನಲ್ಲಿ ‘ಪ್ಲೇ ಆ್ಯಕ್ಟಿವಿಟಿ’ ಅಂತಿರುವುದು ನಿಮ್ಮದು. ಅದು ಸಿಎಸ್‌ವಿ ರೂಪದಲ್ಲಿರುವುದರಿಂದ ಎಕ್ಸೆಲ್, ಗೂಗಲ್ ಶೀಟ್ಸ್ ಎರಡರಲ್ಲೂ ನೇರ ತೆರೆದುಕೊಳ್ಳುತ್ತದೆ.

ಯೂಟ್ಯೂಬ್ ಮ್ಯೂಸಿಕ್: ಗೂಗಲ್ ಟೇಕ್‌ಔಟ್‌ಗೆ ಹೋಗಿ, ಎಲ್ಲ ಟಿಕ್ ತೆಗೆದು, ‘ಯೂಟ್ಯೂಬ್ ಮತ್ತು ಯೂಟ್ಯೂಬ್ ಮ್ಯೂಸಿಕ್’ ಒಂದನ್ನೇ ಆರಿಸಿ, ಅದರೊಳಗೆ ಹಿಸ್ಟರಿ ಮಾತ್ರ ಉಳಿಸಿ. ಫೈಲ್ ರೂಪವನ್ನು ಎಚ್‌ಟಿಎಂಎಲ್‌ನಿಂದ ಜೇಸನ್‌ಗೆ (JSON) ಬದಲಿಸಲು ಮರೆಯಬೇಡಿ. ಇದರಲ್ಲಿ ಎರಡು ಕೊರತೆ. ಎಷ್ಟು ಹೊತ್ತು ಕೇಳಿದಿರಿ ಅನ್ನುವುದು ಇರುವುದಿಲ್ಲ, ಯಾವಾಗ ಹಾಕಿದಿರಿ ಎನ್ನುವುದಷ್ಟೇ. ಮತ್ತೆ ನಮ್ಮ ಮನೆಗಳಲ್ಲಿ ಹಳೆಯ ಹಾಡು ಅಂದರೆ ಯೂಟ್ಯೂಬಿನ ಜೂಕ್‌ಬಾಕ್ಸ್ ತಾನೇ? ಒಂದೂವರೆ ಗಂಟೆಯ ಆ ಜೂಕ್‌ಬಾಕ್ಸ್ ಇಲ್ಲಿ ಒಂದೇ ಸಾಲು. ಒಳಗಿನ ಹಾಡುಗಳ ಹೆಸರು ಅದಕ್ಕೆ ಗೊತ್ತಿಲ್ಲ.

ಇಳಿಸಿಕೊಂಡದ್ದನ್ನು ಜೋಪಾನವಾಗಿ ಇಡಿ. ಹಾಡಿನ ಆ್ಯಪ್ ರೆಸ್ಸೋ ಭಾರತದಲ್ಲಿ 2024ರ ಜನವರಿ 31ಕ್ಕೆ ಬಾಗಿಲು ಹಾಕಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕನ್ನೂ ಮುಚ್ಚುವುದಾಗಿ ಹೇಳಿತು. ಆ್ಯಪ್ ಹೋದಾಗ ಅದರೊಳಗಿದ್ದ ವರ್ಷಗಳ ಕೇಳಿಕೆಯ ದಾಖಲೆಯೂ ಕೈತಪ್ಪುತ್ತದೆ.

ಎಕ್ಸೆಲ್‌ಗೆ ತರುವುದು

ಸ್ಪಾಟಿಫೈ ಫೈಲನ್ನೇ ಹಿಡಿದು ಹೇಳುತ್ತೇನೆ. ಉಳಿದವಕ್ಕೂ ದಾರಿ ಹೆಚ್ಚುಕಡಿಮೆ ಇದೇ.

ಜಿಪ್ ಬಿಚ್ಚಿದರೆ ಜೇಸನ್ ಫೈಲ್‌ಗಳು ಸಿಗುತ್ತವೆ. ಹೆಸರಿನಲ್ಲೇ ‘ಆಡಿಯೋ’ ಅಂತಲೂ ಇಸವಿಯೂ ಇರುತ್ತದೆ. ನಿಮಗೆ ಬೇಕಾದ ವರ್ಷದ್ದನ್ನು ಮಾತ್ರ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ‘ಡೇಟಾ’, ‘ಗೆಟ್ ಡೇಟಾ’, ‘ಫ್ರಮ್ ಫೈಲ್’, ‘ಫ್ರಮ್ ಜೇಸನ್’ ಹೀಗೆ ಹೋಗಿ ಫೈಲ್ ತೋರಿಸಿ. ಒಂದು ಹೊಸ ಕಿಟಕಿ ತೆರೆದು ‘ರೆಕಾರ್ಡ್, ರೆಕಾರ್ಡ್’ ಅಂತ ಉದ್ದಕ್ಕೆ ಸಾಲು ಕಾಣಿಸುತ್ತದೆ. ಗಾಬರಿ ಬೇಡ. ‘ಟು ಟೇಬಲ್’ ಒತ್ತಿ, ಆಮೇಲೆ ಕಾಲಮ್ ತಲೆಯಲ್ಲಿರುವ ಎರಡು ಬಾಣದ ಗುರುತು ಒತ್ತಿದರೆ ಎಲ್ಲ ಕಾಲಮ್‌ಗಳೂ ಬಿಚ್ಚಿಕೊಳ್ಳುತ್ತವೆ. ‘ಕ್ಲೋಸ್ ಆ್ಯಂಡ್ ಲೋಡ್’ ಮಾಡಿದರೆ ಹಾಳೆಗೆ ಬಂದು ಕೂರುತ್ತದೆ.

ಕಾಲಮ್ ಬಹಳ ಇವೆ, ಬೇಕಾದದ್ದು ಆರೇಳು. ‘ಟಿಎಸ್’ ಅಂದರೆ ಹಾಡು ನಿಂತ ಸಮಯ. ‘ಎಂಎಸ್ ಪ್ಲೇಯ್ಡ್’ ಅಂದರೆ ಎಷ್ಟು ಮಿಲಿಸೆಕೆಂಡು ಆಡಿತು; 60,000ದಿಂದ ಭಾಗಿಸಿದರೆ ನಿಮಿಷ. ‘ಟ್ರ್ಯಾಕ್ ನೇಮ್’ ಹಾಡು, ‘ಆಲ್ಬಂ ಆರ್ಟಿಸ್ಟ್ ನೇಮ್’ ಆಲ್ಬಂ ಯಾರ ಹೆಸರಿನಲ್ಲಿದೆಯೋ ಅವರು. ಹಾಡಿದವರೆಲ್ಲರ ಹೆಸರು ಈ ಫೈಲಿನಲ್ಲಿ ಇರುವುದೇ ಇಲ್ಲ, ಗಮನಿಸಿ. ‘ರೀಸನ್ ಸ್ಟಾರ್ಟ್’, ‘ರೀಸನ್ ಎಂಡ್’ ಅಂದರೆ ಹಾಡು ಯಾಕೆ ಶುರುವಾಯಿತು, ಯಾಕೆ ನಿಂತಿತು. ಇವೆರಡು ಕಾಲಮ್‌ಗಳೇ ಬಂಗಾರ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಮಯ ಸರಿಮಾಡಬೇಕು. ಫೈಲಿನಲ್ಲಿರುವುದು ಗ್ರೀನಿಚ್ ಕಾಲಮಾನ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಉದಾಹರಣೆಗೆ ಒಂದು ಸಾಲು ಹೀಗಿದೆ ಅನ್ನಿ: ದಿನಾಂಕ 2025-11-14, ಸಮಯ 23:34:10, ಆಡಿದ್ದು 2,41,000 ಮಿಲಿಸೆಕೆಂಡು. ನೋಡಿದರೆ ಯಾರೋ ನಡುರಾತ್ರಿ ಹಾಡು ಕೇಳಿದಂತೆ ಕಾಣುತ್ತದೆ. ಐದೂವರೆ ಗಂಟೆ ಸೇರಿಸಿ: ಅದು ನವೆಂಬರ್ 15ರ ಬೆಳಗ್ಗೆ 5:04. ಹಾಡು ನಾಲ್ಕು ನಿಮಿಷ ಆಡಿದೆ, ಅಂದರೆ ಸರಿಯಾಗಿ ಐದು ಗಂಟೆಗೆ ಹಾಕಿದ್ದು. ಅಮ್ಮನ ಸುಪ್ರಭಾತ! ಸಮಯದ ಕಾಲಮ್ ಪಕ್ಕ ಹೊಸ ಕಾಲಮ್ ಮಾಡಿ, ಹಳೆಯದಕ್ಕೆ 5.5/24 ಕೂಡಿಸಿದರೆ ನಮ್ಮ ಸಮಯ ಬರುತ್ತದೆ. ಎಕ್ಸೆಲ್ ಅದನ್ನು ಸಮಯವೆಂದು ಗುರುತಿಸದೆ ಬರಿಯ ಅಕ್ಷರವೆಂದು ಹಿಡಿದಿದ್ದರೆ, ನಡುವಿನ ‘ಟಿ’ ಅಕ್ಷರವನ್ನು ಖಾಲಿ ಜಾಗಕ್ಕೆ ಬದಲಿಸಿ, ಕೊನೆಯ ‘ಝೆಡ್’ ಅಳಿಸಿ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವವರು ತಮ್ಮ ಊರಿನ ವ್ಯತ್ಯಾಸ ಹಾಕಿಕೊಳ್ಳಿ. ವರ್ಷದ ನಡುವೆ ಊರಿಗೆ ಬಂದು ಹೋಗಿದ್ದರೆ ಆ ವಾರಗಳನ್ನು ಬೇರೆ ಮಾಡಬೇಕಾಗುತ್ತದೆ.

ಆಮೇಲೆ ಜರಡಿ. ಹಾಡಿನ ಹೆಸರು ಖಾಲಿ ಇರುವ ಸಾಲುಗಳು ಪಾಡ್‌ಕಾಸ್ಟ್‌ನವು, ತೆಗೆಯಿರಿ. 30,000 ಮಿಲಿಸೆಕೆಂಡಿಗಿಂತ ಕಡಿಮೆ ಆಡಿದ್ದನ್ನು ಬೇರೆ ಹಾಳೆಗೆ ಸರಿಸಿ. ಎಸೆಯಬೇಡಿ, ಉಪಯೋಗಕ್ಕೆ ಬರುತ್ತದೆ.

ಇನ್ನು ಹೆಸರು ಕೂಡಿಸುವ ಕೆಲಸ, ಸ್ವಲ್ಪ ಬೇಸರದ್ದು. ನಮ್ಮ ಹಾಡುಗಳ ಹೆಸರಿನ ಕೊನೆಗೆ ‘ಫ್ರಮ್’ ಹಾಕಿ ಸಿನಿಮಾ ಹೆಸರು ಸೇರಿಸುವ ಅಭ್ಯಾಸವಿದೆ. ಒಂದೇ ಹಾಡು ಮೂಲ ಆಲ್ಬಂನಲ್ಲಿ ಒಂದು ಹೆಸರಿನಲ್ಲಿ, ಸಂಕಲನದಲ್ಲಿ ಇನ್ನೊಂದು ಹೆಸರಿನಲ್ಲಿ ಇರುತ್ತದೆ. ‘ಫೈಂಡ್ ಆ್ಯಂಡ್ ರೀಪ್ಲೇಸ್’ನಲ್ಲಿ ಆವರಣ ಚಿಹ್ನೆಯಿಂದ ಮುಂದಿನದ್ದೆಲ್ಲ ಅಳಿಸಿದರೆ ಬಹುಪಾಲು ಸರಿಹೋಗುತ್ತದೆ. ಎಲ್ಲವನ್ನೂ ತಿದ್ದಲು ಹೋಗಬೇಡಿ. ಹೆಚ್ಚು ಸಲ ಕೇಳಿದ ಐವತ್ತು ಹಾಡುಗಳನ್ನಷ್ಟೇ ನೋಡಿಕೊಂಡರೆ ಸಾಕು.

ಕೊನೆಗೆ ‘ಇನ್ಸರ್ಟ್’ನಲ್ಲಿ ಪಿವಟ್ ಟೇಬಲ್, ಅಂದರೆ ಒಂದೇ ಹೆಸರಿನ ಸಾಲುಗಳನ್ನು ಗುಂಪು ಮಾಡಿ ಎಣಿಸಿ ಕೂಡಿ ಕೊಡುವ ಪಟ್ಟಿ. ಸಾಲಿಗೆ ಹಾಡಿನ ಹೆಸರು ಎಳೆದು ಹಾಕಿ, ಮೌಲ್ಯಕ್ಕೆ ಎಂಎಸ್ ಪ್ಲೇಯ್ಡ್ ಎರಡು ಸಲ ಹಾಕಿ. ಒಂದಕ್ಕೆ ‘ಕೌಂಟ್’, ಇನ್ನೊಂದಕ್ಕೆ ‘ಸಮ್’. ಈಗ ಎಷ್ಟು ಸಲ, ಎಷ್ಟು ಹೊತ್ತು ಎರಡೂ ಪಕ್ಕಪಕ್ಕ. ಹೊತ್ತಿನ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ ನೋಡಿ, ಕಾರ್ಡಿನಲ್ಲಿ ಕಾಣದ ಮನ್ಸೂರರು ಮೇಲೆ ಬರುತ್ತಾರೆ.

ನೀವು ಹಾಕಿದ್ದೆಷ್ಟು, ಅದೇ ಹಾಕಿದ್ದೆಷ್ಟು

ಯಾವ ಕಾರ್ಡೂ ಹೇಳದ ವಿಷಯ ಇದು. ನಿಮ್ಮ ವರ್ಷದ ಹಾಡು ಎಂದು ತೋರಿಸಿದ್ದನ್ನು ನೀವು ಆರಿಸಿದಿರೋ, ಆ್ಯಪ್ ತಾನಾಗಿ ಹಾಕಿತೋ? ಅಡುಗೆ ಮಾಡುವಾಗ ಒಂದು ಹಾಡು ಹಾಕಿ ಬಿಟ್ಟರೆ ಮುಂದೆ ಗಂಟೆಗಟ್ಟಲೆ ಆ್ಯಪ್ ತಾನೇ ಒಂದರ ಹಿಂದೊಂದು ಹಾಕುತ್ತದೆ, ನಾವು ಒಗ್ಗರಣೆ ಗದ್ದಲದಲ್ಲಿ ಕೇಳಿಯೂ ಇರುವುದಿಲ್ಲ. ಎಣಿಕೆಗೆ ಮಾತ್ರ ಎಲ್ಲವೂ ಸೇರುತ್ತದೆ.

ರೀಸನ್ ಸ್ಟಾರ್ಟ್ ಕಾಲಮ್‌ಗೆ ಫಿಲ್ಟರ್ ಹಾಕಿ. ‘ಕ್ಲಿಕ್‌ರೋ’ ಎಂದಿದ್ದರೆ ನೀವೇ ಬೆರಳಿಟ್ಟು ಹಾಕಿದ ಹಾಡು. ‘ಟ್ರ್ಯಾಕ್‌ಡನ್’ ಎಂದಿದ್ದರೆ ಹಿಂದಿನದು ಮುಗಿದು ತಾನಾಗಿ ಬಂದದ್ದು. ‘ಫಾರ್ವರ್ಡ್ ಬಟನ್’ ಅಂದರೆ ಹಿಂದಿನ ಹಾಡು ಬೇಡವೆಂದು ದಾಟಿಸಿದಾಗ ಬಂದದ್ದು. ಕ್ಲಿಕ್‌ರೋ ಮಾತ್ರ ಉಳಿಸಿ ಪಿವಟ್ ಮಾಡಿ ನೋಡಿ. ಇದೇ ನಿಮ್ಮ ಪಟ್ಟಿ. ಇದಕ್ಕೂ ಕಾರ್ಡಿನ ಪಟ್ಟಿಗೂ ಎಷ್ಟು ಅಂತರವಿದೆಯೋ ಅಷ್ಟರ ಮಟ್ಟಿಗೆ ನಿಮ್ಮ ವರ್ಷವನ್ನು ಆ್ಯಪ್ ನಡೆಸಿದೆ. ಇಡೀ ಆಲ್ಬಂ ಅಥವಾ ತಾವೇ ಕಟ್ಟಿದ ಪ್ಲೇಲಿಸ್ಟ್ ಹಾಕಿ ಕೂರುವವರಿಗೆ ಈ ಜರಡಿ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಮೊದಲ ಹಾಡು ಮಾತ್ರ ಕ್ಲಿಕ್ ಆಗಿ, ಉಳಿದವು ತಾನಾಗಿ ಬಂದವೆಂದೇ ದಾಖಲಾಗುತ್ತವೆ. ಅಂಥವರು ಆಲ್ಬಂ ಹೆಸರಿನ ಕಾಲಮ್ ಹಿಡಿದು ಲೆಕ್ಕ ಹಾಕಿಕೊಳ್ಳುವುದು ಮೇಲು.

ಅಪರೂಪಕ್ಕೆ ಕಾಣುವ ಇನ್ನೊಂದು ಗುರುತು ‘ಬ್ಯಾಕ್ ಬಟನ್’. ಹಾಡು ಮುಗಿಯುತ್ತಿದ್ದಂತೆ ಅಥವಾ ನಡುವೆಯೇ ಹಿಂದಕ್ಕೆ ಒತ್ತಿ ಮತ್ತೆ ಮೊದಲಿಂದ ಕೇಳಿದ ಜಾಗ. ನನ್ನ ಮಟ್ಟಿಗೆ ವರ್ಷದ ಹಾಡು ಅಂದರೆ ಇವೇ. ಸಂಖ್ಯೆ ಚಿಕ್ಕದಿದ್ದರೂ ಪರವಾಗಿಲ್ಲ.

ಬೇರೆ ಪ್ರಶ್ನೆಗಳನ್ನೂ ಕೇಳಬಹುದು. ಗಂಟೆಯ ಪ್ರಕಾರ ಪಿವಟ್ ಮಾಡಿದರೆ ಬೆಳಗಿನ ಸ್ತೋತ್ರ, ಮಧ್ಯಾಹ್ನದ ಆಫೀಸ್ ಹಾಡು, ರಾತ್ರಿಯ ಭಾವಗೀತೆ ಬೇರೆಯಾಗಿ ಕಾಣುತ್ತವೆ. ತಿಂಗಳ ಪ್ರಕಾರ ನೋಡಿದರೆ ಗಣೇಶನ ಹಬ್ಬ, ರಾಜ್ಯೋತ್ಸವ, ಪರೀಕ್ಷೆ ತಿಂಗಳು ಎಲ್ಲ ಎದ್ದು ಕಾಣುತ್ತವೆ. ಆಗ ಸರಿಸಿಟ್ಟ 30 ಸೆಕೆಂಡಿಗಿಂತ ಕಡಿಮೆಯ ಹಾಳೆ ತೆಗೆಯಿರಿ. ಅತಿ ಹೆಚ್ಚು ಸಲ ಅರ್ಧಕ್ಕೇ ಕೈಬಿಟ್ಟ ಹಾಡು ಯಾವುದು? ಆ್ಯಪ್ ಮತ್ತೆ ಮತ್ತೆ ತಂದು ಮುಂದಿಟ್ಟದ್ದನ್ನು ನೀವು ಮತ್ತೆ ಮತ್ತೆ ತಳ್ಳಿದ್ದು ಅಲ್ಲಿ ಸಿಗುತ್ತದೆ.

ಭಾವಗೀತೆ, ಸಿನಿಮಾ ಗೀತೆ ಪ್ರಿಯರಿಗೆ ಒಂದು ಸಲಹೆ. ಮೊದಲ ಐವತ್ತು ಹಾಡುಗಳ ಪಕ್ಕ ‘ಬರೆದವರು’ ಅಂತ ಒಂದು ಕಾಲಮ್ ಮಾಡಿ, ಕೈಯಾರೆ ತುಂಬಿ. ಒಂದು ಭಾನುವಾರದ ಕೆಲಸ. ಹಾಡಿನ ಮೂರು ಚುಕ್ಕಿ ಒತ್ತಿ ‘ಕ್ರೆಡಿಟ್ಸ್’ ನೋಡಿದರೆ ಕೆಲವಕ್ಕೆ ಹೆಸರು ಸಿಗುತ್ತದೆ, ಕೆಲವಕ್ಕೆ ಮನೆಯ ಹಿರಿಯರನ್ನೇ ಕೇಳಬೇಕಾಗುತ್ತದೆ. ಮುಗಿದ ಮೇಲೆ ಆ ಕಾಲಮ್ ಮೇಲೆ ಪಿವಟ್ ಮಾಡಿದರೆ ನಿಮ್ಮ ವರ್ಷದ ಕವಿ ಯಾರೆಂದು ತಿಳಿಯುತ್ತದೆ.

ಮುಂದಿನ ವರ್ಷಕ್ಕೆ ಈಗಲೇ ಮಾಡಿಡಬೇಕಾದದ್ದು

ಕಾರ್ಡು ಕೆಡುವುದು ಹೆಚ್ಚಾಗಿ ಹಂಚಿಕೊಂಡ ಖಾತೆಯಿಂದ. ಟಿವಿ, ಕಾರು, ಸ್ಮಾರ್ಟ್ ಸ್ಪೀಕರ್ ಎಲ್ಲಕ್ಕೂ ಅಪ್ಪನ ಖಾತೆ. ವರ್ಷಾಂತ್ಯಕ್ಕೆ ಅಪ್ಪನ ನೆಚ್ಚಿನ ಕಲಾವಿದರು ಶಿಶುಗೀತೆಯ ಚಾನೆಲ್‌ನವರು. ಹಲವರು ಸೇರಿ ಬಳಸುವ ಯೋಜನೆ ತೆಗೆದುಕೊಂಡರೆ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಸಿಗುತ್ತದೆ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಸ್ಪೀಕರಿಗೆ ಒಂದು ಉಚಿತ ಖಾತೆ ತೆರೆದು ಅದನ್ನೇ ಜೋಡಿಸಿ. ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ.

ಸ್ಪಾಟಿಫೈನಲ್ಲಿ ‘ಪ್ರೈವೇಟ್ ಸೆಷನ್’ ಇದೆ, ಪ್ಲೇಲಿಸ್ಟ್ ಒಂದನ್ನು ‘ಟೇಸ್ಟ್ ಪ್ರೊಫೈಲ್‌ನಿಂದ ಹೊರಗಿಡು’ ಎನ್ನುವ ಆಯ್ಕೆಯೂ ಇದೆ. ಮಗುವಿನ ಜೋಗುಳದ ಪ್ಲೇಲಿಸ್ಟಿಗೆ ಎರಡನೆಯದನ್ನು ಹಾಕಿಡಿ. ನಿಮಗೆ ಬರುವ ಶಿಫಾರಸುಗಳು ಕೆಡುವುದು ತಪ್ಪುತ್ತದೆ. ಪ್ರೈವೇಟ್ ಸೆಷನ್ ಮುಖ್ಯವಾಗಿ ಗೆಳೆಯರ ಕಣ್ಣಿಗೆ ಬೀಳದಿರಲು, ಅದೂ ಸ್ವಲ್ಪ ಹೊತ್ತಿಗೆ ತಾನೇ ಮುಗಿದುಹೋಗುತ್ತದೆ. ಕಚ್ಚಾ ಫೈಲಿನಲ್ಲಂತೂ ಅದಕ್ಕೇ ಒಂದು ಕಾಲಮ್ ಇದೆ, ಅಂದರೆ ಕಂಪನಿಗೆ ಎಲ್ಲ ಗೊತ್ತು. ಐಫೋನಿನಲ್ಲಿ ಆ್ಯಪಲ್ ಮ್ಯೂಸಿಕ್ ಕೇಳುವವರಿಗೆ ಇನ್ನೂ ಸುಲಭ: ‘ಫೋಕಸ್’ ಸೆಟ್ಟಿಂಗಿನಲ್ಲಿ ನಿದ್ರೆಯ ಹೊತ್ತಿಗೆ ಮಾತ್ರ ಲಿಸನಿಂಗ್ ಹಿಸ್ಟರಿ ಆಫ್ ಆಗುವಂತೆ ಫಿಲ್ಟರ್ ಹಾಕಬಹುದು.

ಹಾಡು ಹಾಕಿಕೊಂಡು ಮಲಗುವವರು ಸ್ಲೀಪ್ ಟೈಮರ್ ಹಾಕಿ. ಇಲ್ಲದಿದ್ದರೆ ನೀವು ಗೊರಕೆ ಹೊಡೆದ ಗಂಟೆಗಳೂ ಸಂಗೀತ ಕೇಳಿದ ಗಂಟೆಗಳಾಗುತ್ತವೆ. ಮಲೆನಾಡಿನ ಕಡೆ ನೆಟ್‌ವರ್ಕ್ ಸಿಗದೆ ಡೌನ್‌ಲೋಡ್ ಮಾಡಿ ಕೇಳುವವರಿಗೆ: ಆಫ್‌ಲೈನ್ ಕೇಳಿಕೆಯೂ ಎಣಿಕೆಗೆ ಬರುತ್ತದೆ, ಆದರೆ ನಡುನಡುವೆ ಫೋನು ಆನ್‌ಲೈನ್ ಆಗಬೇಕು. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಆಗದಿದ್ದರೆ ಇಳಿಸಿದ ಹಾಡುಗಳೇ ಹೋಗುತ್ತವೆ.

ಎರಡು ಮೂರು ಆ್ಯಪ್ ಬಳಸುವವರಿಗೆ ಯಾವ ಒಂದು ಕಂಪನಿಯ ಕಾರ್ಡೂ ಪೂರ್ತಿ ಚಿತ್ರ ಕೊಡುವುದಿಲ್ಲ. ಅದಕ್ಕೆ ಲಾಸ್ಟ್ ಎಫ್‌ಎಂ ಇದೆ, ಕೇಳಿದ್ದನ್ನೆಲ್ಲ ಒಂದೇ ಕಡೆ ದಾಖಲಿಸುವ ಜಾಲತಾಣ, 2002ರಿಂದ ಇರುವ ಹಳಬ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಪಾಟಿಫೈ ಖಾತೆ ಜೋಡಿಸಿದರೆ ಅಂದಿನಿಂದ ಕೇಳಿದ್ದೆಲ್ಲ ದಾಖಲಾಗುತ್ತ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ‘ಪ್ಯಾನೋ ಸ್ಕ್ರಾಬ್ಲರ್’ ಹಾಕಿಕೊಂಡರೆ ಬೇರೆ ಆ್ಯಪ್‌ಗಳದ್ದೂ ಸೇರುತ್ತದೆ. ಇಲ್ಲಿ ನಿಯಮ ಬಿಗಿ: ಹಾಡಿನ ಅರ್ಧವೋ ನಾಲ್ಕು ನಿಮಿಷವೋ, ಯಾವುದು ಮೊದಲು ಆಗುತ್ತದೋ ಅಷ್ಟು ಕೇಳಿದರೆ ಮಾತ್ರ ಒಂದು ಎಣಿಕೆ. ಕಂಪನಿಯ ಮೇಲೆ ಅವಲಂಬಿಸಲು ಇಷ್ಟವಿಲ್ಲದವರಿಗೆ ಮೆಟಾಬ್ರೇನ್ಸ್ ಪ್ರತಿಷ್ಠಾನದ ಲಿಸನ್‌ಬ್ರೇನ್ಸ್ ಇದೆ, ಮುಕ್ತ ತಂತ್ರಾಂಶ. ಅದೂ ವರ್ಷದ ಕೊನೆಗೆ ತನ್ನದೇ ಪಟ್ಟಿ ಕೊಡುತ್ತದೆ. ಅಂದಹಾಗೆ ಅಲ್ಲಿ ನಿಮ್ಮ ಕೇಳಿಕೆ ಎಲ್ಲರಿಗೂ ಕಾಣುವಂಥದ್ದು, ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಸೇರಿ.

ಹಂಚಿಕೊಳ್ಳುವಾಗ

ನಿಮ್ಮದೇ ಪಟ್ಟಿಯನ್ನು ಕನ್ನಡದಲ್ಲಿ ಕಾರ್ಡು ಮಾಡಲು ಕ್ಯಾನ್ವಾದಂಥ ಯಾವುದಾದರೂ ಸಾಕು. ‘ನೋಟೋ ಸಾನ್ಸ್ ಕನ್ನಡ’, ‘ಬಾಲೂ ತಮ್ಮ’ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ, ಒತ್ತಕ್ಷರ ಮುರಿಯುವುದಿಲ್ಲ. ಐದೇ ಹಾಡು ಹಾಕಬೇಕೆಂಬ ನಿಯಮವೇನಿಲ್ಲ. ತಿಂಗಳಿಗೊಂದರಂತೆ ಹನ್ನೆರಡು ಹಾಕಿ, ನೋಡುವವರಿಗೂ ಹೊಸದು.

ಕಚ್ಚಾ ಫೈಲನ್ನು ಮಾತ್ರ ಯಾರಿಗೂ ಹಾಗೇ ಕಳಿಸಬೇಡಿ. ಸ್ಪಾಟಿಫೈ ಫೈಲಿನಲ್ಲಿ ಪ್ರತಿ ಸಾಲಿಗೂ ‘ಐಪಿ ಅಡ್ರೆಸ್’, ಯಾವ ದೇಶ, ಯಾವ ಸಾಧನ ಎಲ್ಲ ಇರುತ್ತದೆ. ನೀವು ಎಷ್ಟು ಗಂಟೆಗೆ ಏಳುತ್ತೀರಿ, ಎಂದು ಊರಲ್ಲಿರಲಿಲ್ಲ ಎಂಬುದನ್ನೂ ಅದರಿಂದ ಊಹಿಸಬಹುದು. ಸ್ನೇಹಿತರ ಜತೆ ಹೋಲಿಸಿ ನೋಡುವ ಆಸೆಯಿದ್ದರೆ ಆ ಕಾಲಮ್‌ಗಳನ್ನು ಅಳಿಸಿ, ಪಿವಟ್ ಟೇಬಲಿನ ಮೌಲ್ಯಗಳನ್ನಷ್ಟೇ ಹೊಸ ಹಾಳೆಗೆ ಪೇಸ್ಟ್ ಮಾಡಿ ಕೊಡಿ. ಪಿವಟ್ ಟೇಬಲನ್ನೇ ನಕಲು ಮಾಡಿದರೆ ಮೂಲ ಸಾಲುಗಳು ಅದರೊಳಗೇ ಅಡಗಿ ಹೋಗುತ್ತವೆ.

ಡಿಸೆಂಬರಿನಲ್ಲಿ ‘ನಿಮ್ಮ ಸಂಗೀತದ ಅಭಿರುಚಿಯನ್ನು ಗೇಲಿ ಮಾಡುತ್ತೇವೆ, ರಾಶಿಫಲ ಹೇಳುತ್ತೇವೆ’ ಎನ್ನುವ ಜಾಲತಾಣಗಳಿಗೆ ಸ್ಪಾಟಿಫೈ ಖಾತೆ ಜೋಡಿಸಿ ಆಟವಾಡಿದ್ದರೆ, ಜನವರಿಯಲ್ಲಿ ಅಕೌಂಟ್ ಪುಟದ ‘ಮ್ಯಾನೇಜ್ ಆ್ಯಪ್ಸ್’ ತೆರೆದು ನೋಡಿ. ಹಿಂದಿನ ವರ್ಷಗಳಲ್ಲಿ ಅನುಮತಿ ಕೊಟ್ಟು ಮರೆತವೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ. ಈಗ ಬಳಸದವುಗಳ ಮುಂದೆ ‘ರಿಮೂವ್ ಆ್ಯಕ್ಸೆಸ್’ ಒತ್ತಿ.